ಡ್ಯೂಪ್ಲಿಕೇಟ್ ಅಂದ್ರೆ ನಕಲಿ ಅಲ್ಲ ಮಾರಾಯ್ರೆ!

ಬೆಂಗ್ರೆಯಿಂದ ಬಂದರಿನ ದಕ್ಕೆಗೆ ಹೋಗುವ ಫೆರಿಯಲ್ಲಿ ಪಕ್ಕ ಕುಳಿತಿದ್ದ ನೆರೆಮನೆಯ ಅಕ್ಕ, ನನ್ನ ಮಡಿಲಲ್ಲಿದ್ದ ಹಳೇ ಬಿಸ್ಕತ್ ಡಬ್ಬಿ ನೋಡಿ "ಎಂತದು ಅದು?" ಎಂದು ಕೇಳಿದರು.

"ಅಜ್ಜನ ಸ್ಟ್ಯಾಂಪು ಅಕ್ಕ. ಡ್ಯೂಪ್ಲಿಕೇಟ್ ಇದ್ದದ್ದನ್ನೆಲ್ಲ ಮಾರ್ಲಿಕ್ಕೆ ತೆಕ್ಕೊಂಡು ಹೋಗ್ತಾ ಇದ್ದೇನೆ" ಅಂದೆ.

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಮೆಲ್ಲ ಹೇಳು ಮಾರಾಯ್ತಿ. ಡ್ಯೂಪ್ಲಿಕೇಟ್ ಸ್ಟ್ಯಾಂಪ್ ಮಾರಿದ್ರೆ ಪೊಲೀಸ್ ಬಿಡ್ತಾರಾ?"

ತಪ್ಪು ಅವರದ್ದಲ್ಲ. ನಮ್ಮಲ್ಲಿ ಡ್ಯೂಪ್ಲಿಕೇಟ್ ಎಂದರೆ ನಕಲಿ. ಅದಕ್ಕೆ ಸ್ಟ್ಯಾಂಪ್ ಎಂಬ ಪದವೂ ಸೇರಿದರೆ ಒಂದು ತಲೆಮಾರಿಗೆ ಛಾಪಾ ಕಾಗದದ ತೆಲಗಿಯೇ ನೆನಪಾಗಬೇಕು. ಅಂಚೆಚೀಟಿ ಸಂಗ್ರಹಿಸುವವರ ಭಾಷೆಯಲ್ಲಿ ಮಾತ್ರ ಅದರ ಅರ್ಥ ಬೇರೆ. ಒಂದೇ ಬಗೆಯ ಚೀಟಿ ಎರಡಿದ್ದರೆ ಒಂದು ಆಲ್ಬಮ್ಮಿಗೆ, ಇನ್ನೊಂದು ಡ್ಯೂಪ್ಲಿಕೇಟ್. ಬದಲಾಯಿಸಿಕೊಳ್ಳಲು, ಇಲ್ಲವೇ ಮಾರಲು. ನದಿ ದಾಟುವಷ್ಟರಲ್ಲಿ ಇದನ್ನು ಅಕ್ಕನಿಗೆ ವಿವರಿಸಿ ಮುಗಿಸಿದೆ. ಆದರೆ ಡ್ಯೂಪ್ಲಿಕೇಟ್ ಯಾವುದು, ಯಾವುದು ಅಲ್ಲ ಎಂಬುದು ನನಗೇ ಆಗ ಸರಿಯಾಗಿ ಗೊತ್ತಿರಲಿಲ್ಲ.

ನನ್ನ ಅಜ್ಜ ಹಡಗಿನಲ್ಲಿ ಕೆಲಸಕ್ಕಿದ್ದವರು. ಪಣಂಬೂರಿನ ಬಂದರು ಪ್ರಮುಖ ಬಂದರೆಂದು ಘೋಷಣೆಯಾದದ್ದು 1974ರಲ್ಲಿ. ಅದಕ್ಕಿಂತ ಮೊದಲು ದೊಡ್ಡ ಹಡಗು ಹತ್ತಬೇಕಿದ್ದರೆ ಬೊಂಬಾಯಿಗೇ ಹೋಗಬೇಕು. ಅಜ್ಜ ಹೋದರು. ಅವರ ಅಣ್ಣ ಅದಕ್ಕೂ ಮೊದಲು ಬಹರೈನಿಗೆ ಹೋಗಿದ್ದರು. ಅಣ್ಣನ ಕಾಗದಗಳಿಂದ ಶುರುವಾದ ಸಂಗ್ರಹ ಮೂರು ಆಲ್ಬಮ್, ಎರಡು ಬಿಸ್ಕತ್ ಡಬ್ಬಿಗೆ ಬೆಳೆಯಿತು. ಆಲ್ಬಮ್ ಮುಟ್ಟಬಾರದು, ಡಬ್ಬಿಯದ್ದು ಏನು ಬೇಕಾದರೂ ಮಾಡಿ ಎಂದು ಅಜ್ಜ ಹೇಳಿಹೋಗಿದ್ದಾರೆ ಎಂಬುದು ಅಜ್ಜಿಯ ಹೇಳಿಕೆ.

ನಾನು ಬಿ.ಕಾಂ. ಮುಗಿಸಿ ಒಂದು ವರ್ಷವಾಗಿತ್ತು. ಬ್ಯಾಂಕ್ ಪರೀಕ್ಷೆ, ಇನ್ನೊಂದು ಪರೀಕ್ಷೆ ಎಂದು ಅರ್ಜಿ ಹಾಕುತ್ತಲೇ ಇದ್ದೆ. ಪ್ರತಿ ಅರ್ಜಿಗೂ ಶುಲ್ಕ, ಪರೀಕ್ಷಾ ಕೇಂದ್ರ ದೂರವಿದ್ದರೆ ಬಸ್ಸಿನ ಖರ್ಚು. ಪ್ರತಿಸಲ ಅಪ್ಪನ ಹತ್ತಿರ ಕೈಚಾಚಲು ಮನಸ್ಸು ಒಪ್ಪುತ್ತಿರಲಿಲ್ಲ. ಮೀನು ಸಿಕ್ಕದ ದಿನಗಳಲ್ಲಂತೂ ಕೇಳುವ ಹಾಗೇ ಇಲ್ಲ. ಆಗ ನೆನಪಾದದ್ದು ಡಬ್ಬಿ.

ಮೊದಲ ಪ್ರಯತ್ನ ನಾಚಿಕೆಗೇಡಿನದ್ದು, ಆದರೂ ಹೇಳುತ್ತೇನೆ. 'ಹಳೆಯ ನಾಣ್ಯ, ಸ್ಟ್ಯಾಂಪಿಗೆ ಲಕ್ಷಗಟ್ಟಲೆ' ಎಂಬ ವಾಟ್ಸ್ಆ್ಯಪ್ ಸಂದೇಶ ಎಲ್ಲರಿಗೂ ಬಂದಿರುತ್ತದೆ. ಡಬ್ಬಿಯಲ್ಲಿ ಗಾಂಧೀಜಿಯ ಒಂದೂವರೆ ಆಣೆಯ ಕಂದು ಚೀಟಿ ಎರಡಿದ್ದವು. ಒಂದರ ಫೋಟೋ ಕಳಿಸಿದೆ. ಅರ್ಧ ಗಂಟೆಯೊಳಗೆ ಉತ್ತರ: ನಿಮ್ಮ ಚೀಟಿಗೆ ಮೂರು ಲಕ್ಷ ರೂಪಾಯಿ ಮಂಜೂರಾಗಿದೆ, ನೋಂದಣಿ ಶುಲ್ಕ 1,150 ರೂಪಾಯಿ ಕಳಿಸಿ. ಜತೆಗೆ ರಿಸರ್ವ್ ಬ್ಯಾಂಕಿನ ಮುದ್ರೆಯಿರುವ ಪತ್ರ ಬೇರೆ! ಗೂಗಲ್ ಪೇ ತೆರೆದು ಅಂಕಿ ಒತ್ತುವಾಗ ಒಂದು ಪ್ರಶ್ನೆ ಹೊಳೆಯಿತು. ಮೂರು ಲಕ್ಷ ಕೊಡುವವನು ಅದರಲ್ಲೇ 1,150 ಮುರಿದುಕೊಂಡರೆ ಆಗದೇ? ಹುಡುಕಿ ನೋಡಿದರೆ, ಹಳೆಯ ನೋಟು ನಾಣ್ಯ ಕೊಳ್ಳುವ ಮಾರುವ ವ್ಯವಹಾರದಲ್ಲಿ ತಾನಿಲ್ಲ, ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿತ್ತು. ಕೆಲಸ ಕೊಡಿಸುತ್ತೇವೆ, ಮೊದಲು ಟ್ರೈನಿಂಗ್ ಶುಲ್ಕ ಕಟ್ಟಿ ಎನ್ನುತ್ತಾರಲ್ಲ, ಅದೇ ಕಸುಬು, ಬೇರೆ ಅಂಗಡಿ.

ಆದರೂ ಗಾಂಧಿ ಚೀಟಿಗೆ ಕೋಟಿ ಸಿಕ್ಕಿದೆ ಎಂಬ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. 1948ರ ಆಗಸ್ಟ್ 15ರಂದು ಗಾಂಧೀಜಿಯ ನಾಲ್ಕು ಚೀಟಿಗಳು ಹೊರಬಂದವು: ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ ಮತ್ತು 10 ರೂಪಾಯಿ. ಮುದ್ರಣವಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಚೀಟಿಯ ಮೇಲೆ 'ಬಾಪು' ಎಂದು ಹಿಂದಿ ಮತ್ತು ಉರ್ದು ಎರಡರಲ್ಲೂ ಇದೆ. ಇದರಲ್ಲಿ 10 ರೂಪಾಯಿಯ ಚೀಟಿಗೆ ಸರ್ಕಾರಿ ಬಳಕೆಗೆಂದು 'ಸರ್ವಿಸ್' ಎಂಬ ಪದ ಮೇಲಚ್ಚು ಹಾಕಿದ್ದು ಕೇವಲ 100 ಪ್ರತಿಗೆ. ಅಂಥ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಾಟವಾಯಿತು. ಆಗಿನ ಲೆಕ್ಕದಲ್ಲಿ ನಾಲ್ಕು ಕೋಟಿ ರೂಪಾಯಿ. ಒಂದೂವರೆ ಆಣೆಯದ್ದಾದರೋ ದೇಶವಿಡೀ ಕಾಗದಕ್ಕೆ ಅಂಟಿಸಿದ ಚೀಟಿ. ನಮ್ಮ ಡಬ್ಬಿಯಲ್ಲೇ ಎರಡಿವೆ ಎಂದರೆ ಬೇರೆ ಹೇಳಬೇಕೇ?

ಬೆಲೆ ವಯಸ್ಸಿಗೆ ಅಲ್ಲ ಎಂಬುದು ಅಲ್ಲಿಗೆ ಗೊತ್ತಾಯಿತು. ಎಷ್ಟು ಅಚ್ಚಾಯಿತು, ಎಷ್ಟು ಉಳಿಯಿತು, ಯಾವ ಸ್ಥಿತಿಯಲ್ಲಿದೆ, ಬೇಕೆನ್ನುವವರು ಎಷ್ಟು ಮಂದಿ, ಇಷ್ಟೇ. 2006ರಲ್ಲಿ ಗಂಧದ ಪರಿಮಳದ 15 ರೂಪಾಯಿಯ ಚೀಟಿ ಬಂದಾಗ ಕೊಂಡು ಬೀರುವಿನಲ್ಲಿಟ್ಟವರು ಇನ್ನೂ ಇದ್ದಾರೆ. ಲಕ್ಷಗಟ್ಟಲೆ ಅಚ್ಚಾದ ಚೀಟಿಯನ್ನು ಎಲ್ಲರೂ ಜೋಪಾನ ಮಾಡಿದರೆ ಅದು ಅಪರೂಪವಾಗುವುದಾದರೂ ಹೇಗೆ?

ಕ್ಯಾಟಲಾಗ್‌ನ ಕತೆ ಇನ್ನೊಂದು. ಲಂಡನ್ನಿನ ಸ್ಟಾನ್ಲಿ ಗಿಬ್ಬನ್ಸ್ ಕ್ಯಾಟಲಾಗ್‌ನ ಹಳೆಯ ಪ್ರತಿಯ ಪುಟಗಳನ್ನು ನೋಡಿ ನಾನು ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡಿದೆ. ಬಿ.ಕಾಂ. ಕಲಿತದ್ದಕ್ಕೆ ಅಷ್ಟಾದರೂ ಬೇಡವೇ! ಒಟ್ಟು ಮೊತ್ತ 38 ಸಾವಿರ ರೂಪಾಯಿ ದಾಟಿತು. ಅದೇ ಪಟ್ಟಿಯನ್ನು ಬೆಂಗಳೂರಿನ ಒಬ್ಬ ವ್ಯಾಪಾರಿಗೆ ಕಳಿಸಿದೆ. ಅವರು ಫೋಟೋ ನೋಡಿ ಇಡೀ ಡಬ್ಬಿಗೆ 600 ರೂಪಾಯಿ ಎಂದರು. ಸಿಟ್ಟು ಬಂತು. ಎರಡು ದಿನ ಬಿಟ್ಟು ಯೋಚಿಸಿದಾಗ ಅರ್ಥವಾಯಿತು. ಕ್ಯಾಟಲಾಗ್‌ನಲ್ಲಿರುವುದು ಅಂಗಡಿಯವರು ಒಂದೊಂದೇ ಚೀಟಿಯನ್ನು ಗಿರಾಕಿಗೆ ಮಾರುವ ದರ. ಅದರಲ್ಲೂ ಅತಿ ಕಡಿಮೆ ದರ ಎಂದು ಹಾಕಿರುವುದು ಚೀಟಿಯ ಬೆಲೆಯೇ ಅಲ್ಲ. ಅದನ್ನು ವಿಂಗಡಿಸಿ, ಹುಡುಕಿ, ಕವರಿಗೆ ಹಾಕಿ ಕೊಡುವ ಕೂಲಿ. ನನ್ನ ಪಟ್ಟಿಯ ಮುಕ್ಕಾಲು ಪಾಲು ಅಂಥ ದರದ ಚೀಟಿಗಳೇ. ಜತೆಗೆ ಆ ದರ ಒಳ್ಳೆಯ ಸ್ಥಿತಿಯಲ್ಲಿರುವ ಚೀಟಿಗೆ. ಹಲ್ಲು ಮುರಿದದ್ದು, ಹಿಂದೆ ತೆಳುವಾದದ್ದು, ಸೀಲಿನ ಮಸಿ ಮುಖಕ್ಕೆ ಬಡಿದದ್ದು ಲೆಕ್ಕಕ್ಕಿಲ್ಲ.

ಸ್ಥಿತಿಯ ವಿಷಯಕ್ಕೆ ಬಂದರೆ ನಮ್ಮ ಊರೇ ಶತ್ರು. ಬೆಂಗ್ರೆಯ ಒಂದು ಬದಿ ಕಡಲು, ಇನ್ನೊಂದು ಬದಿ ನದಿ, ತೆಂಕು ತುದಿಯಲ್ಲಿ ಅಳಿವೆಬಾಗಿಲು. ಗಾಳಿಯಲ್ಲೇ ಉಪ್ಪು, ಪಸೆ. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಸು ಬರುತ್ತದೆ, ಇನ್ನು ಹಿಂದೆ ಅಂಟಿರುವ ಕಾಗದದ ಚೂರಿನ ಗತಿಯೇನು! ಬಳಸದ ಚೀಟಿಗೆ ಹಿಂದಿನ ಅಂಟು ಹಾಗೇ ಇದ್ದರೆ ಬೆಲೆ ಹೆಚ್ಚು. ಅಜ್ಜ 1960ರಿಂದ 80ರ ದಶಕದವರೆಗೆ ಕೊಂಡಿಟ್ಟ ಬಳಸದ ಸ್ಮರಣಾರ್ಥ ಚೀಟಿಗಳು 95 ಇದ್ದವು. ವಿಶ್ವೇಶ್ವರಯ್ಯ, ಬಸವೇಶ್ವರ, ಕಿತ್ತೂರು ಚೆನ್ನಮ್ಮ, ಗೊಮ್ಮಟೇಶ್ವರ ಎಲ್ಲ ಅದರಲ್ಲೇ. 31 ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಎಳೆದರೆ ಹರಿಯುತ್ತದೆ, ನೀರಿಗೆ ಹಾಕಿದರೆ ಅಂಟು ಹೋಗುತ್ತದೆ. ಹಾಗೆಯೇ ಬಿಟ್ಟೆ. ಉಳಿದ 64ರಲ್ಲಿ ಕೆಲವಕ್ಕೆ ತುಕ್ಕಿನಂಥ ಕಂದು ಚುಕ್ಕಿ ಶುರುವಾಗಿತ್ತು. ನಮ್ಮ ಕರಾವಳಿಯಲ್ಲಿ ಯಾರ ಮನೆಯಲ್ಲಾದರೂ ಇಂಥ ಡಬ್ಬಿ ಇದ್ದರೆ ಮಾರುವ ಯೋಚನೆ ಆಮೇಲೆ ಮಾಡಿ. ಮೊದಲು ಒಣ ದಿನ ನೋಡಿ ಹೊರತೆಗೆಯಿರಿ. ಬಿಸಿಲಿಗಲ್ಲ, ಫ್ಯಾನಿನ ಕೆಳಗೆ. ಆಲ್ಬಮ್ಮನ್ನು ಮಲಗಿಸದೆ ನಿಲ್ಲಿಸಿಡಿ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಬಿಸಾಡಬೇಡಿ, ಇದಕ್ಕೆ ಬೇಕು.

ಡಬ್ಬಿ ಹಿಡಿದು ಮೊದಲು ಹೋದದ್ದು ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಗೆ. ಅಲ್ಲಿನ ಅಂಚೆಚೀಟಿ ಸಂಗ್ರಾಹಕರ ವಿಭಾಗದಲ್ಲಿ ಹೊಸ ಚೀಟಿಗಳನ್ನು ಮುಖಬೆಲೆಗೆ ಮಾರುತ್ತಾರೆ, ಹಳೆಯದನ್ನು ಕೊಳ್ಳುವುದಿಲ್ಲ. ಆದರೆ ಸಂಗ್ರಾಹಕರು ಬಂದುಹೋಗುವ ಜಾಗ ಅದು. ಅಲ್ಲೇ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಡಬ್ಬಿಯತ್ತ ಕಣ್ಣು ಹಾಯಿಸಿ ಮಾತಾಡಿಸಿದರು. ನಿವೃತ್ತ ಬ್ಯಾಂಕ್ ಅಧಿಕಾರಿ. ಬ್ಯಾಂಕುಗಳ ತವರು ಇದು, ಮಂಗಳೂರಿನಲ್ಲಿ ಎಡವಿದರೆ ಒಬ್ಬರು ನಿವೃತ್ತ ಬ್ಯಾಂಕಿನವರು ಸಿಗುತ್ತಾರೆ. "ಆದಿತ್ಯವಾರ ಅಪ್ಪನನ್ನೋ ಅಣ್ಣನನ್ನೋ ಕರ್ಕೊಂಡು ಮನೆಗೆ ಬನ್ನಿ, ನೋಡುವ" ಅಂದರು. ಮಾವನ ಜತೆ ಹೋದೆ.

ಅವರು ಚಿಮಟ, ಭೂತಗನ್ನಡಿ, ಚೀಟಿಯ ಹಲ್ಲು ಅಳೆಯುವ ಪಟ್ಟಿ ಎಲ್ಲ ಮೇಜಿನ ಮೇಲೆ ಹರಡಿದರು. ಬೆರಳಿನಲ್ಲಿ ಮುಟ್ಟಲು ಹೋದ ನನ್ನ ಕೈಗೆ ಮೆಲ್ಲನೆ ಒಂದು ಏಟು ಬಿತ್ತು. ಎರಡು ಗಂಟೆಯಲ್ಲಿ ಡಬ್ಬಿ ನಾಲ್ಕು ಗುಂಪಾಯಿತು.

ಮೊದಲನೆಯದು ಬಳಸಿದ ಭಾರತದ ದಿನಬಳಕೆಯ ಚೀಟಿಗಳು, 640ರಷ್ಟು. 1949ರ ಸರಣಿಯ ಆರು ಆಣೆಯ ಗೋಳಗುಮ್ಮಟ, 1965ರ ಸರಣಿಯ ಎರಡು ಪೈಸೆಯ ಬಿದರಿ ಹೂಜಿ, 20 ಪೈಸೆಯ ನ್ಯಾಟ್ ವಿಮಾನ, 50 ಪೈಸೆಯ ಮಾವಿನಹಣ್ಣು. ನೋಡಲು ಚೆಂದ, ಒಂದೊಂದಾಗಿ ಮಾರಲು ಪ್ರಯೋಜನವಿಲ್ಲ. ಶಾಲಾ ಮಕ್ಕಳಿಗೆ ಪೊಟ್ಟಣ ಕಟ್ಟಿಕೊಡಲು ಒಟ್ಟಿಗೆ 200 ರೂಪಾಯಿಗೆ ತೆಗೆದುಕೊಳ್ಳುತ್ತೇನೆ ಎಂದರು.

ಎರಡನೆಯ ಗುಂಪಿನ ಮೇಲೆ ನನಗೆ ದೊಡ್ಡ ಆಸೆಯಿತ್ತು. ಅಜ್ಮಾನ್, ಫುಜೈರಾ, ಶಾರ್ಜಾ, ಉಮ್ಮ್ ಅಲ್ ಕುವೈನ್. ಅಂಗೈಯಗಲದ ಹೊಳೆಯುವ ಚೀಟಿಗಳು, ಬೆಕ್ಕು, ರಾಕೆಟ್, ಯುರೋಪಿನ ಕಲಾವಿದರ ಚಿತ್ರಗಳು. 210 ಇದ್ದವು. ಹಿರಿಯರು ನಕ್ಕರು. 1960ರ ದಶಕದ ನಡುವಿನಿಂದ 1972ರವರೆಗೆ ಈ ಪುಟ್ಟ ಸಂಸ್ಥಾನಗಳ ಹೆಸರಿನಲ್ಲಿ ಹೊರಗಿನ ಏಜೆಂಟರು ಸಂಗ್ರಾಹಕರ ಜೇಬಿಗೆಂದೇ ರಾಶಿ ರಾಶಿ ಅಚ್ಚು ಹಾಕಿಸಿದರಂತೆ. ಕಾಗದಕ್ಕೆ ಅಂಟದೆಯೇ, ಅಚ್ಚಿನ ಮನೆಯಲ್ಲೇ ಸೀಲು ಬೀಳುತ್ತಿತ್ತು. ತಿರುಗಿಸಿ ನೋಡಿದರೆ, ಸೀಲು ಬಿದ್ದಿದ್ದರೂ ಹಿಂದಿನ ಅಂಟು ಹಾಗೇ ಇದೆ! ಅದೇ ಗುರುತು. ಸಂಗ್ರಾಹಕರು ಇವಕ್ಕೆ ಇಂಗ್ಲಿಷಿನಲ್ಲಿ 'ಡ್ಯೂನ್ಸ್', ಅಂದರೆ ಮರಳುದಿಬ್ಬ ಎಂದು ಅಡ್ಡಹೆಸರಿಟ್ಟಿದ್ದಾರೆ. ಮರಳದಿಣ್ಣೆಯ ಮೇಲೇ ಹುಟ್ಟಿ ಬೆಳೆದ ನನಗೆ ಇದು ಸ್ವಲ್ಪ ತಾಗಿತು ಎನ್ನಿ. 300 ರೂಪಾಯಿ.

ಮೂರನೆಯದು ಬಳಸದ 64 ಚೀಟಿಗಳು. ತಲಾ 20 ರೂಪಾಯಿಯಂತೆ 1,280. ನಾಲ್ಕನೆಯದು ನಾನು ಗಮನಿಸದೇ ಇದ್ದ 18 ಚಿಕ್ಕ ಚೀಟಿಗಳು. ಬ್ರಿಟನ್ನಿನ ರಾಣಿಯ ತಲೆ, ಮೇಲೆ ಕಪ್ಪಿನಲ್ಲಿ 'ಬಹರೈನ್' ಎಂದು ಮೇಲಚ್ಚು, ಬೆಲೆ 'ಎನ್.ಪಿ.' ಎಂದು. ಎನ್.ಪಿ. ಅಂದರೆ ನಯಾ ಪೈಸೆ! ಕೊಲ್ಲಿಯಲ್ಲಿ ಆಗ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. 1957ರಲ್ಲಿ ಇಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಾಗ, ಅಲ್ಲಿ ಬ್ರಿಟಿಷ್ ಚೀಟಿಯ ಮೇಲೂ ನಯಾ ಪೈಸೆ ಅಚ್ಚಾಯಿತು. ಇಂಗ್ಲೆಂಡಿನ ರಾಣಿ, ಅರಬ್ಬರ ಊರು, ಭಾರತದ ದುಡ್ಡು, ಬೆಂಗ್ರೆಯ ವಿಳಾಸ. ದೊಡ್ಡಜ್ಜ ಕಳಿಸಿದ ಕಾಗದದಿಂದ ಬಂದವು ಇವು. ತಲಾ 30 ರೂಪಾಯಿಯಂತೆ 540 ಸಿಕ್ಕಿತು. ದುಬಾರಿ ಚೀಟಿಯಲ್ಲ, ಆದರೆ ಬೇಕೆನ್ನುವವರಿದ್ದಾರೆ ಎಂದರು.

ಲೆಕ್ಕ ಮುಗಿಯಿತು ಎಂದುಕೊಂಡಾಗ ಅವರು ಮೊದಲನೆಯ ಗುಂಪಿಗೆ ಮತ್ತೆ ಕೈಹಾಕಿದರು. 20 ಪೈಸೆಯ ನ್ಯಾಟ್ ವಿಮಾನದ ಚೀಟಿಗಳನ್ನು ಒಂದೊಂದಾಗಿ ಕನ್ನಡಿಯ ಕೆಳಗೆ ಹಿಡಿದರು. 11 ಚೀಟಿ ಬೇರೆಯಿಟ್ಟರು. "ಇದನ್ನು ಯಾವುದರಿಂದ ಬಿಡಿಸಿದ್ದು?"

"ಲಕೋಟೆಯಿಂದ ಸರ್. ಯೂಟ್ಯೂಬ್ ನೋಡಿ ನಾನೇ ನೀರಿಗೆ ಹಾಕಿ ಬಿಡಿಸಿದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಕನ್ನಡಿ ನನ್ನ ಕೈಗೆ ಕೊಟ್ಟರು. ಭಾರತದ ಚೀಟಿ. ಅದರ ಮೇಲಿನ ಸೀಲಿನ ತುಂಡಿನಲ್ಲಿ ಕಾಣುತ್ತಿದ್ದ ಅಕ್ಷರಗಳು ಮೊಂಬಾಸಾದ ಕೊನೆಯ ನಾಲ್ಕು. ಇನ್ನೊಂದರಲ್ಲಿ ಏಡನ್. ಹಡಗು ನಡುಕಡಲಿನಲ್ಲಿರುವಾಗ ಬರೆದ ಕಾಗದಕ್ಕೆ ಆ ಹಡಗಿನ ಬಾವುಟ ಯಾವ ದೇಶದ್ದೋ ಆ ದೇಶದ ಚೀಟಿ ಅಂಟಿಸಬಹುದು. ಮುಂದಿನ ಬಂದರಿನ ಅಂಚೆ ಕಚೇರಿ ಅದನ್ನು ಒಪ್ಪಿಕೊಂಡು ತನ್ನ ಸೀಲು ಹಾಕಿ ಕಳಿಸಬೇಕು. ಜಗತ್ತಿನ ಅಂಚೆ ಒಕ್ಕೂಟದ ನಿಯಮವಿದು. ಲಕೋಟೆಯ ಮೇಲೆ 'ಪಾಕೆಬೋ' ಎಂಬ ಮುದ್ರೆಯೂ ಬೀಳುತ್ತದೆ. ಅಂಚೆ ಹೊತ್ತ ಹಡಗು ಎಂಬ ಅರ್ಥದ ಫ್ರೆಂಚ್ ಪದ. ಇದನ್ನೇ ಹುಡುಕಿ ಸಂಗ್ರಹಿಸುವವರು ಲೋಕದ ತುಂಬ ಇದ್ದಾರೆ. ಅವರಿಗೆ ಬೇಕಾದದ್ದು ಚೀಟಿಯಲ್ಲ, ಚೀಟಿ, ಸೀಲು, ವಿಳಾಸ ಎಲ್ಲ ಜತೆಗಿರುವ ಇಡೀ ಲಕೋಟೆ. ನಾನು ಬಕೆಟ್ಟಿನಲ್ಲಿ ನೆನೆಸಿ, ಲಕೋಟೆಯನ್ನು ಒಲೆಗೆ ಹಾಕಿ, ಚೀಟಿ ಮಾತ್ರ ಜೋಪಾನವಾಗಿ ಒಣಗಿಸಿದ್ದೆ. ಒಂದೇ ಚಿತ್ರ, ಒಂದೇ ಬೆಲೆ. ಡ್ಯೂಪ್ಲಿಕೇಟ್ ಎಂದು ಬಗೆದಿದ್ದೆ.

"ಇನ್ನು ಉಂಟಾ ಲಕೋಟೆ?" ಅವರು ಕೇಳಿದರು.

ಇತ್ತು. ಅದೂ ನನ್ನ ಜಾಣತನದಿಂದ ಅಲ್ಲ. ಅವತ್ತು ಮೀನು ತೊಳೆಯಲು ಬಕೆಟ್ ಬೇಕೆಂದು ಅಜ್ಜಿ ಗದರಿಸಿ ತೆಗೆದುಕೊಂಡು ಹೋಗಿದ್ದರಿಂದ 14 ಲಕೋಟೆ ಉಳಿದಿದ್ದವು.

ಮುಂದಿನ ಆದಿತ್ಯವಾರ ಅವನ್ನು ಒಯ್ದೆ. ಏಡನ್ ನಾಲ್ಕು, ಮೊಂಬಾಸಾ ಮೂರು, ಸಿಂಗಪುರ ಮೂರು, ರಾಟರ್‌ಡ್ಯಾಮ್ ಎರಡು, ಯೊಕೊಹಾಮಾ ಒಂದು, ಹ್ಯಾಂಬರ್ಗ್ ಒಂದು. 1969ರ ಮೊಂಬಾಸಾ ಸೀಲು ನೋಡಿ ಹಿರಿಯರು ಒಂದು ಕ್ಷಣ ಸುಮ್ಮನಿದ್ದು, "ಸೂಯೆಜ್ ಮುಚ್ಚಿದ್ದ ಕಾಲ ಇದು" ಎಂದರು. 1967ರ ಯುದ್ಧದಲ್ಲಿ ಮುಚ್ಚಿದ ಕಾಲುವೆ ಮತ್ತೆ ತೆರೆದದ್ದು 1975ರಲ್ಲಿ. ಅಷ್ಟು ವರ್ಷ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಬೇಕಿತ್ತು. ಅಜ್ಜ ಊರಿಗೆ ಬರುವುದು ತಡವಾಗುತ್ತಿತ್ತು ಎಂದು ಅಜ್ಜಿ ಯಾವಾಗಲೂ ಹೇಳುವುದು ಈ ವರ್ಷಗಳನ್ನೇ ಇರಬೇಕು.

ಪ್ರತಿ ಬಂದರಿನದ್ದು ಒಂದೊಂದು ನಾನು ಇಟ್ಟುಕೊಳ್ಳಬೇಕು, ಮಿಕ್ಕಿದ್ದು ಮಾತ್ರ ಕೊಡಬೇಕು ಎಂದು ಅವರೇ ಹೇಳಿದರು. ಆರು ಬಂದರಿಗೆ ಆರು ಹೋಗಿ ಎಂಟು ಉಳಿದವು. ಮೂರರ ಸೀಲು ಮಸುಕು. ಐದನ್ನು ತಲಾ 250ರಂತೆ 1,250 ರೂಪಾಯಿಗೆ ತೆಗೆದುಕೊಂಡರು. ಆ ಐದೇ ನಿಜವಾದ ಡ್ಯೂಪ್ಲಿಕೇಟ್. ಮಾರುವ ಮೊದಲು ಅಜ್ಜಿಯನ್ನು ಕೇಳಿದ್ದೆ, ವಿಳಾಸ ಅವರ ಹೆಸರಿಗೇ ಇತ್ತಲ್ಲ. "ಲಕೋಟೆ ಯಾರಿಗೆ ಬೇಕಾದರೂ ಕೊಡು. ಒಳಗಿನ ಕಾಗದ ಕೊಟ್ಟರೆ ನೋಡು" ಎಂದಿದ್ದರು. ಕಾಗದಗಳು ಅವರ ಸೀರೆಯ ಟ್ರಂಕಿನಲ್ಲಿವೆ. ನನಗೂ ಓದಲು ಸಿಕ್ಕಿಲ್ಲ.

ಒಟ್ಟು 3,570 ರೂಪಾಯಿ. 38 ಸಾವಿರದ ಎಕ್ಸೆಲ್ ಹಾಳೆ ಇನ್ನೂ ಲ್ಯಾಪ್‌ಟಾಪಿನಲ್ಲಿದೆ, ಅಳಿಸಿಲ್ಲ. 450 ರೂಪಾಯಿಗೆ ಒಂದು ಸ್ಟಾಕ್‌ಬುಕ್ ಮತ್ತು ಸಿಲಿಕಾ ಜೆಲ್ ತಂದೆ. ಎರಡು ಪರೀಕ್ಷೆಗೆ ಶುಲ್ಕ ಕಟ್ಟಿದೆ, ಒಂದರ ಕೇಂದ್ರ ಬೆಂಗಳೂರು, ಬಸ್ಸಿಗೂ ಆಯಿತು. ಗಾಂಧೀಜಿಯ ಎರಡು ಚೀಟಿಗಳನ್ನು ಮಾರಲಿಲ್ಲ. ಹಿರಿಯರು ಅವಕ್ಕೆ ಹೇಳಿದ ದರದಲ್ಲಿ ಎರಡು ಪ್ಲೇಟ್ ಗೋಳಿಬಜೆಯೂ ಬರುವಂತಿರಲಿಲ್ಲ.

ಅಂದು ಸಂಜೆ ಫೆರಿ ಇಳಿದು ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲೇ ಕುಳಿತಿದ್ದರು. "ಏತ್ ತಿಕ್ಕ್‌ಂಡ್ ಮಗಾ?" ಎಷ್ಟು ಸಿಕ್ಕಿತು ಎಂದು. ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ, ಯಾವ ಬಂದರಿನದ್ದು ಕೊಟ್ಟೆ ಎಂದು ಕೇಳಿದರು. ಏಡನ್ ಎರಡು, ಸಿಂಗಪುರ ಎರಡು, ಮೊಂಬಾಸಾ ಒಂದು ಎಂದೆ.

"ಮೊಂಬಾಸಾದ್ದು ಎರಡು ಉಳಿದಿದೆ ಅಲ್ವಾ?" ಎಂದು ಖಚಿತ ಮಾಡಿಕೊಂಡು ದೀಪ ಹಚ್ಚಲು ಒಳಗೆ ಹೋದರು.